ಕೃಷಿ ಅಪಘಾತದಲ್ಲಿ ಅಂಗನಷ್ಟ: ವಿಮಾ ಪರಿಹಾರ ಪಡೆಯುವ ಬಗೆ, ಮರಳಿ ದುಡಿಮೆಗೆ ಇಳಿಯುವ ಬಗೆ

ಒಕ್ಕಣೆ ಯಂತ್ರ, ಮೇವು ಕತ್ತರಿಸುವ ಯಂತ್ರ, ವಿದ್ಯುತ್ ಗಾಣ, ಟ್ರ್ಯಾಕ್ಟರಿನ ರೋಟವೇಟರ್ ಇವೆಲ್ಲ ಇಂದು ನಮ್ಮ ಹಳ್ಳಿಗಳಿಗೆ ಹೊಸತಲ್ಲ. ಇವುಗಳಿಂದ ಮೈಮುರಿವ ಕೆಲಸ ಹಗುರಾಗಿದೆ, ಕಾಲ ಉಳಿದಿದೆ. ಆದರೆ ಇವೇ ಯಂತ್ರಗಳಿಗೆ ಬೆರಳನ್ನೋ ಕೈಯನ್ನೋ ಕಳೆದುಕೊಂಡವರೂ ಊರೂರಲ್ಲಿ ಇದ್ದಾರೆ. ಯಂತ್ರಗಳನ್ನು ಎಚ್ಚರಿಕೆಯಿಂದ ಬಳಸುವುದು ಹೇಗೆಂಬ ಬಗ್ಗೆ ಸಾಕಷ್ಟು ತಿಳಿವಳಿಕೆ ನೀಡಲಾಗುತ್ತಿದೆ. ಅಪಘಾತ ಆಗಿಹೋದ ಮೇಲೆ ಮಾಡಬೇಕಾದುದೇನು ಎಂಬುದನ್ನು ಹೇಳುವವರು ಮಾತ್ರ ಕಡಿಮೆ.

ಇಂತಹ ಸಂದರ್ಭದಲ್ಲಿ ನಮ್ಮ ರೈತ ಕುಟುಂಬಗಳಿಗೆ ಎರಡು ಬಗೆಯ ನಷ್ಟ ತಗಲುತ್ತದೆ. ಮೊದಲನೆಯದು, ಬೇಕಾದ ಕಾಗದಪತ್ರಗಳನ್ನು ಸಕಾಲದಲ್ಲಿ ಮಾಡಿಸದೆ ಬರಬೇಕಾದ ಹಣ ಕೈತಪ್ಪುವುದು. ಎರಡನೆಯದು, "ಕೆಲಸ ಮಾಡುವುದನ್ನು ಯಾರಾದರೂ ಕಂಡರೆ ಪರಿಹಾರ ಸಿಗುವುದಿಲ್ಲ" ಎಂಬ ಹೆದರಿಕೆಯಿಂದ ಗಾಯಾಳುವನ್ನು ವರ್ಷಗಟ್ಟಲೆ ಜಗಲಿಯ ಮೇಲೆ ಕೂರಿಸುವುದು. ನಮ್ಮ ಅಭಿಪ್ರಾಯದಲ್ಲಿ ಎರಡನೆಯ ನಷ್ಟವೇ ದೊಡ್ಡದು. ಆದಕಾರಣ ಹಣದ ವಿಷಯ ಮತ್ತು ಮರಳಿ ಕೆಲಸದ ವಿಷಯ ಎರಡನ್ನೂ ಇಲ್ಲಿ ಒಟ್ಟಿಗೆ ವಿವರಿಸಲಾಗಿದೆ.

ವಿಷಯ ಸುಲಭವಾಗಿ ತಿಳಿಯಲೆಂದು ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವ ಕೆಲಸಗಾರನೊಬ್ಬನಿದ್ದಾನೆ. ವಯಸ್ಸು 35, ತಿಂಗಳ ಕೂಲಿ 12,000 ರೂ. ರಾತ್ರಿ ಪಾಳಿಯಲ್ಲಿ ತೂಕಡಿಕೆಯಿಂದಲೋ ಅವಸರದಿಂದಲೋ ಅವನ ಬಲಗೈ ಗಾಣದ ಉರುಳೆಗಳ ನಡುವೆ ಸಿಕ್ಕಿ, ಆಸ್ಪತ್ರೆಯಲ್ಲಿ ಮಣಿಕಟ್ಟಿನವರೆಗೆ ತೆಗೆಯಬೇಕಾಯಿತು ಎಂದುಕೊಳ್ಳಿ.

ಮೊದಲ ದಿನದ ಬರವಣಿಗೆ

ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳುವ ಪ್ರಶ್ನೆ "ಏನಾಯಿತು?" ಎಂಬುದು. ಅದಕ್ಕೆ ಕೊಟ್ಟ ಉತ್ತರವನ್ನು ಅವರು ಕೇಸ್ ಶೀಟಿನಲ್ಲಿ ಬರೆಯುತ್ತಾರೆ. ಮುಂದೆ ವಿಮಾ ಕಂಪನಿಯವರಾಗಲಿ ಕಾರ್ಮಿಕ ಅಧಿಕಾರಿಗಳಾಗಲಿ ಮೊಟ್ಟಮೊದಲು ತೆರೆದು ನೋಡುವುದು ಈ ಸಾಲನ್ನೇ. ಪೊಲೀಸರ ಗೋಜು ಬೇಡವೆಂದು ಕೆಲವರು "ಮನೆಯಲ್ಲಿ ಬಿದ್ದ" ಎಂದು ಬರೆಸುವುದುಂಟು. ಕೈ ನುಜ್ಜುಗುಜ್ಜಾದವನು ಮನೆಯಲ್ಲಿ ಬಿದ್ದ ಎಂದರೆ ಯಾರೂ ನಂಬುವುದಿಲ್ಲ. ಆಮೇಲೆ ನಿಜ ಹೇಳಿದರೂ ಅದು ಹಣಕ್ಕಾಗಿ ಕಟ್ಟಿದ ಕತೆಯಂತೆ ಕಾಣುತ್ತದೆ. ಆದ್ದರಿಂದ ಜೊತೆಯಲ್ಲಿ ಹೋದವರು ದಿನಾಂಕ, ಗಂಟೆ, ಸ್ಥಳ, ಯಂತ್ರದ ಹೆಸರು, ಯಾರ ಕೆಲಸದಲ್ಲಿದ್ದಾಗ ನಡೆಯಿತು ಎಂಬ ಐದು ಸಂಗತಿಗಳನ್ನು ಸರಿಯಾಗಿ ಹೇಳಿ ಬರೆಸತಕ್ಕದ್ದು. ಬಲಗೈಯೋ ಎಡಗೈಯೋ ಎಂಬುದನ್ನೂ ಕೇಳಿ ಖಚಿತಪಡಿಸಿಕೊಳ್ಳಬೇಕು. ಆತುರದ ಬರವಣಿಗೆಯಲ್ಲಿ ಇಂತಹ ತಪ್ಪು ನುಸುಳುವುದು ಅಪರೂಪವೇನಲ್ಲ.

ಹೆಸರು ಆಧಾರ್ ಚೀಟಿಯಲ್ಲಿ ಇರುವಂತೆಯೇ ಇರಬೇಕು. ಊರಲ್ಲಿ ಕರೆಯುವ ಹೆಸರನ್ನು ಆಸ್ಪತ್ರೆಯಲ್ಲಿ ಕೊಟ್ಟು, ಬ್ಯಾಂಕಿನಲ್ಲಿ ಬೇರೆ ಹೆಸರಿದ್ದರೆ ಅದನ್ನು ಸರಿಪಡಿಸಲು ತಿಂಗಳುಗಟ್ಟಲೆ ತಿರುಗಬೇಕಾಗುತ್ತದೆ.

(ಕತ್ತರಿಸಿ ಬೇರೆಯಾದ ಬೆರಳನ್ನು ಬಿಸಾಡಬಾರದು. ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆತ ನೀರಿನಲ್ಲಿಟ್ಟು ಗಾಯಾಳುವಿನ ಜೊತೆಯಲ್ಲೇ ಒಯ್ಯಬೇಕು. ಮಂಜುಗಡ್ಡೆ ನೇರವಾಗಿ ತಾಗಬಾರದು. ಕೆಲವು ಗಂಟೆಗಳೊಳಗೆ ದೊಡ್ಡ ಆಸ್ಪತ್ರೆ ತಲುಪಿದರೆ ಕೆಲವೊಮ್ಮೆ ಜೋಡಿಸಲು ಸಾಧ್ಯವಾಗುತ್ತದೆ.)

ಬ್ಯಾಂಕಿನ 20 ರೂಪಾಯಿ ವಿಮೆ

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 2015ರಲ್ಲಿ ಆರಂಭವಾಯಿತು. ಮೊದಲು ವರ್ಷಕ್ಕೆ 12 ರೂ. ಇದ್ದ ಕಂತು 2022ರ ಜೂನ್ 1ರಿಂದ 20 ರೂ. ಆಗಿದೆ. 18ರಿಂದ 70 ವರ್ಷದೊಳಗಿನ, ಬ್ಯಾಂಕ್ ಅಥವಾ ಅಂಚೆ ಕಚೇರಿ ಉಳಿತಾಯ ಖಾತೆಯುಳ್ಳ ಯಾರೇ ಆದರೂ ಸೇರಬಹುದು. ಅಪಘಾತದಲ್ಲಿ ಮರಣವಾದರೆ, ಎರಡೂ ಕಣ್ಣು, ಎರಡೂ ಕೈ ಅಥವಾ ಎರಡೂ ಕಾಲು ಹೋದರೆ, ಇಲ್ಲವೇ ಒಂದು ಕಣ್ಣಿನ ಜೊತೆಗೆ ಒಂದು ಕೈ ಅಥವಾ ಕಾಲು ಹೋದರೆ 2 ಲಕ್ಷ ರೂ. ಒಂದು ಕಣ್ಣಿನ ದೃಷ್ಟಿ ಪೂರ್ಣವಾಗಿ ಹೋದರೆ, ಅಥವಾ ಒಂದು ಕೈ ಇಲ್ಲವೇ ಒಂದು ಪಾದದ ಬಳಕೆ ತಪ್ಪಿದರೆ 1 ಲಕ್ಷ ರೂ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ತಿಳಿಯಬೇಕು. ಮೇವು ಕತ್ತರಿಸುವ ಯಂತ್ರದಲ್ಲಿ ಒಂದೆರಡು ಬೆರಳು ಹೋದರೆ ಈ ವಿಮೆಯಲ್ಲಿ ಏನೂ ಸಿಗುವುದಿಲ್ಲ. ಐದು ಬೆರಳೂ ಹೋಗಿ, ಅಥವಾ ನರ ಕತ್ತರಿಸಿ, ಕೈ ಇದ್ದೂ ಇಲ್ಲದಂತಾಗಿದ್ದರೆ ಅದು "ಕೈಯ ಬಳಕೆಯ ನಷ್ಟ" ಎನಿಸಿಕೊಳ್ಳುತ್ತದೆ. ಅಂತಹ ಸಂದರ್ಭದಲ್ಲಿ ಜಿಲ್ಲಾ ಶಸ್ತ್ರಚಿಕಿತ್ಸಕರು ಕೊಡುವ ಪ್ರಮಾಣಪತ್ರದಲ್ಲಿ ಕೈಯ ಬಳಕೆ ಸಂಪೂರ್ಣವಾಗಿ, ಮರಳಿ ಬಾರದಂತೆ ಹೋಗಿದೆ ಎಂದು ಬರೆದಿರಬೇಕು. ಬರೀ ಶೇಕಡಾ ಇಷ್ಟು ಎಂದಿದ್ದರೆ ಕಂಪನಿಯವರು ಪ್ರಶ್ನೆ ಎತ್ತಬಹುದು. ಇಲ್ಲದ ನಷ್ಟವನ್ನು ಬರೆಸಲು ಹೋಗಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಅಪಘಾತದ ಸುದ್ದಿಯನ್ನು ಕೂಡಲೇ ಖಾತೆಯಿರುವ ಬ್ಯಾಂಕ್ ಶಾಖೆಗೆ ತಿಳಿಸಿ, 30 ದಿನಗಳೊಳಗೆ ಕ್ಲೇಮು ಅರ್ಜಿ ಕೊಡುವುದು ಕ್ಷೇಮ. ಗಾಯ ಮಾಯದೆ ಪ್ರಮಾಣಪತ್ರ ಸಿಕ್ಕದು, ಪ್ರಮಾಣಪತ್ರವಿಲ್ಲದೆ ಅರ್ಜಿ ಹೇಗೆ ಎಂದು ಅನೇಕರು ಸುಮ್ಮನಿರುತ್ತಾರೆ. ಹಾಗೆ ಮಾಡದೆ, ಮೊದಲು ಬರವಣಿಗೆಯಲ್ಲಿ ಸುದ್ದಿ ಮುಟ್ಟಿಸಿ, ಅದರ ಪ್ರತಿಯ ಮೇಲೆ ಬ್ಯಾಂಕಿನ ಮೊಹರು ಹಾಗೂ ದಿನಾಂಕ ಹಾಕಿಸಿಕೊಳ್ಳಬೇಕು. ಉಳಿದ ಕಾಗದಗಳನ್ನು ಬಂದ ಹಾಗೆ ಸೇರಿಸಬಹುದು. ರಸ್ತೆ ಅಪಘಾತ, ನೀರಿನಲ್ಲಿ ಮುಳುಗಿದ್ದು, ಅಪರಾಧ ಕೃತ್ಯ ಇವುಗಳಿಗೆ ಪೊಲೀಸ್ ದೂರು ಅಗತ್ಯ. ಹಾವು ಕಡಿತ, ಮರದಿಂದ ಬಿದ್ದದ್ದು ಮೊದಲಾದವುಗಳಿಗೆ ತತ್‌ಕ್ಷಣದ ಆಸ್ಪತ್ರೆ ದಾಖಲೆಯೇ ಆಧಾರ. ಮಂತ್ರ, ನಾಟಿ ಮದ್ದು ಎಂದು ಎರಡು ದಿನ ಕಳೆದು ಆಮೇಲೆ ಆಸ್ಪತ್ರೆಗೆ ಹೋದವರಿಗೆ ಜೀವಕ್ಕೂ ಅಪಾಯ, ಕ್ಲೇಮಿಗೂ ತೊಡಕು.

ಎರಡು ಮೂರು ಬ್ಯಾಂಕುಗಳಲ್ಲಿ ಕಂತು ಕಟ್ಟಿದ್ದರೂ ಒಬ್ಬರಿಗೆ ಒಂದೇ ವಿಮೆ. ಜಂಟಿ ಖಾತೆಯಿದ್ದರೆ ಗಂಡ ಹೆಂಡತಿ ಇಬ್ಬರೂ ಪ್ರತ್ಯೇಕವಾಗಿ ಕಂತು ಕಟ್ಟಿ ಸೇರಬಹುದು, ಸೇರಬೇಕು ಕೂಡ. ಮೇವು ಕತ್ತರಿಸುವ ಯಂತ್ರದ ಮುಂದೆ ನಿಲ್ಲುವವರು ಹೆಚ್ಚಾಗಿ ಹೆಂಗಸರೇ ಅಲ್ಲವೇ?

ಇದಲ್ಲದೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳ ಮೂಲಕ ನಡೆದುಬಂದ ರೈತ ಸಂಜೀವಿನಿ, ತೆಂಗಿನ ಮರ ಹತ್ತುವವರಿಗಾಗಿ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ಮೊದಲಾದ ಯೋಜನೆಗಳೂ ಉಂಟು. ಬೆರಳು ಹೋಗಿ ಬ್ಯಾಂಕಿನ ವಿಮೆ ದೊರೆಯದವರು ಸಮಿತಿಯ ಕಚೇರಿಯಲ್ಲಿ ತಪ್ಪದೆ ವಿಚಾರಿಸತಕ್ಕದ್ದು.

ಕೂಲಿ ಕೊಟ್ಟವರ ಹೊಣೆ

ನಮ್ಮ ಉದಾಹರಣೆಯ ಕೆಲಸಗಾರನಿಗೆ ಬ್ಯಾಂಕಿನಿಂದ 1 ಲಕ್ಷ ರೂ. ಬಂದಿತು. ಬಹಳ ಮಂದಿ ಇಲ್ಲಿಗೇ ಮುಗಿಯಿತೆಂದು ತಿಳಿಯುತ್ತಾರೆ. ಆದರೆ ಅವನಿಗೆ ಬರಬೇಕಾದ ದೊಡ್ಡ ಮೊತ್ತ ಇನ್ನೂ ಬಾಕಿ ಇದೆ.

ವಿದ್ಯುತ್ ಅಥವಾ ಎಂಜಿನ್ ಬಲದಿಂದ ನಡೆಯುವ ಆಲೆಮನೆ, ಟ್ರ್ಯಾಕ್ಟರ್ ಮತ್ತಿತರ ಯಂತ್ರ ಬಳಸುವ ಬೇಸಾಯ ಇವುಗಳಲ್ಲಿ ಕೂಲಿಗಾಗಿ ದುಡಿಯುವವನಿಗೆ ಕೆಲಸದಲ್ಲಿರುವಾಗ ಅಪಘಾತವಾದರೆ, ಮಾಲಿಕನು ಪರಿಹಾರ ಕೊಡಬೇಕೆಂಬುದು ಕಾನೂನು. 1923ರ ಕಾಯಿದೆಯಲ್ಲಿದ್ದ ಈ ಹೊಣೆ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮುಂದುವರಿದಿದೆ. ಒಕ್ಕಣೆ ಯಂತ್ರಗಳ ಬಗ್ಗೆ 1983ರಲ್ಲಿ ಪ್ರತ್ಯೇಕ ಕಾಯಿದೆಯೇ ಆಯಿತೆಂದರೆ ಆ ಕಾಲದಲ್ಲಿ ಎಷ್ಟು ಕೈಗಳು ಹೋಗಿರಬೇಕೆಂದು ಊಹಿಸಬಹುದು.

ಲೆಕ್ಕ ಹೀಗೆ. ತಿಂಗಳ ಕೂಲಿಯ ಶೇ. 60ನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. 35 ವಯಸ್ಸಿಗೆ ಗುಣಕ 197.06. ನಮ್ಮ ಕೆಲಸಗಾರನ ಕೂಲಿಯ ಶೇ. 60 ಎಂದರೆ 7,200 ರೂ. ಗುಣಿಸಿದರೆ 14,18,832 ರೂ. ಇದು ಪೂರ್ಣ ಅಸಮರ್ಥತೆಗೆ. ಒಂದು ಕೈ ಹೋದರೆ ಗಳಿಕೆಯ ಶಕ್ತಿ ಶೇ. 60ರಷ್ಟು ಹೋಯಿತೆಂದು ಅನುಸೂಚಿ ಹೇಳುತ್ತದೆ. ಆ ಪ್ರಕಾರ ಅವನಿಗೆ ಸಲ್ಲಬೇಕಾದುದು ಸುಮಾರು 8,51,300 ರೂ. ಬೆರಳುಗಳಿಗೂ ಇಲ್ಲಿ ಬೆಲೆ ಉಂಟು: ಹೆಬ್ಬೆರಳಿಗೆ ಶೇ. 30, ಇಡೀ ತೋರುಬೆರಳಿಗೆ ಶೇ. 14, ನಡುಬೆರಳಿಗೆ ಶೇ. 12, ಉಂಗುರ ಅಥವಾ ಕಿರುಬೆರಳಿಗೆ ಶೇ. 7. ಚಿಕಿತ್ಸೆಯ ನಿಜವಾದ ವೆಚ್ಚವನ್ನೂ ಮಾಲಿಕನೇ ಭರಿಸಬೇಕು. "ಅವನ ಅಜಾಗರೂಕತೆಯೇ ಕಾರಣ" ಎಂದಷ್ಟೇ ಹೇಳಿ ಮಾಲಿಕ ಜಾರಿಕೊಳ್ಳುವಂತಿಲ್ಲ. ತಡಮಾಡಿದರೆ ಶೇ. 12ರ ಬಡ್ಡಿಯೂ ಸೇರುತ್ತದೆ.

ಅನುಸೂಚಿಯ ಶೇಕಡಾವಾರೇ ಯಾವಾಗಲೂ ಕೊನೆಯ ಮಾತಲ್ಲ. ಎಡಗೈಯನ್ನು ಮೊಣಕೈಯ ಬಳಿ ಕಳೆದುಕೊಂಡ ಒಬ್ಬ ಬಡಗಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1975ರ ಡಿಸೆಂಬರಿನಲ್ಲಿ, ಒಂದೇ ಕೈಯಿಂದ ಮರಗೆಲಸ ಸಾಧ್ಯವಿಲ್ಲವಾದ್ದರಿಂದ ಅದು ಪೂರ್ಣ ಅಸಮರ್ಥತೆಯೇ ಎಂದು ತೀರ್ಮಾನಿಸಿತು. ಅಂದರೆ ಹೋದ ಅಂಗ ಯಾವುದು ಎಂಬುದರ ಜೊತೆಗೆ, ಆತ ಮಾಡುತ್ತಿದ್ದ ಕಸುಬು ಯಾವುದು ಎಂಬುದೂ ಮುಖ್ಯ. ಇದಕ್ಕೆ ಆಧಾರ ಬೇಕು. ಕೂಲಿ ಬಟವಾಡೆಯ ಪುಸ್ತಕ, ಫೋನಿನಲ್ಲಿ ಹಣ ಕಳುಹಿಸಿದ ದಾಖಲೆ, ಜೊತೆ ಕೆಲಸಗಾರರ ಹೇಳಿಕೆ ಇವುಗಳನ್ನು ಜೋಪಾನ ಮಾಡಬೇಕು.

ಈ ಲೇಖನ ಓದುತ್ತಿರುವ ರೈತರಲ್ಲಿ ಅನೇಕರು ಕೂಲಿ ಕೊಡುವವರೂ ಹೌದು. ಎಂಟೂವರೆ ಲಕ್ಷ ರೂ. ಎಂದರೆ ಸಣ್ಣ ಆಲೆಮನೆಯ ಮಾಲಿಕನು ಜಮೀನು ಮಾರಬೇಕಾದ ಮಾತು. ಇಂತಹ ಹೊಣೆಗೆಂದೇ ಸಾಮಾನ್ಯ ವಿಮಾ ಕಂಪನಿಗಳಲ್ಲಿ ನೌಕರರ ಪರಿಹಾರ ವಿಮೆ ದೊರೆಯುತ್ತದೆ. ಕೆಲಸಗಾರರ ಸಂಖ್ಯೆ ಮತ್ತು ಕೂಲಿಯನ್ನು ತಿಳಿಸಿ ಹಂಗಾಮಿಗೆ ಮುಂಚೆ ಅದನ್ನು ಮಾಡಿಸಿಡುವುದು ಇಬ್ಬರಿಗೂ ಒಳಿತು. ವಿಮೆ ಇಲ್ಲದಿದ್ದಾಗ ಊರ ಹಿರಿಯರ ಮುಂದೆ ಐವತ್ತು ಸಾವಿರಕ್ಕೋ ಲಕ್ಷಕ್ಕೋ ರಾಜಿ ಮಾಡಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಪದ್ಧತಿ ಇದೆ. ಅಧಿಕಾರಿಯ ಬಳಿ ನೋಂದಾಯಿಸದ ಇಂತಹ ಒಪ್ಪಂದ ಮಾಲಿಕನನ್ನೂ ಕಾಪಾಡುವುದಿಲ್ಲ; ಪೂರ್ಣ ಮೊತ್ತದ ಹೊಣೆ ಅವನ ಮೇಲೆಯೇ ಉಳಿಯುತ್ತದೆ.

ಸ್ವಂತ ಹೊಲದಲ್ಲಿ ತಾನೇ ದುಡಿಯುವ ರೈತನಿಗೆ ಈ ಪರಿಹಾರ ಅನ್ವಯಿಸದು. ಮುಯ್ಯಾಳಾಗಿ ಬಂದವರ ವಿಷಯವೂ ತೊಡಕಿನದೇ, ಏಕೆಂದರೆ ಅಲ್ಲಿ ಕೂಲಿಯ ಲೆಕ್ಕವಿಲ್ಲ. ಇಂತಹವರಿಗೆ ಬ್ಯಾಂಕಿನ ವಿಮೆ ಇನ್ನಷ್ಟು ಅವಶ್ಯ.

ಕೆಲಸಕ್ಕೆ ಇಳಿದರೆ ಹಣ ಹೋಗುವುದೇ?

ಬ್ಯಾಂಕಿನ ವಿಮೆ ಅಂಗನಷ್ಟಕ್ಕೆ ಕೊಡುವ ಹಣ. ಆತ ಮರುದಿನವೇ ದುಡಿಮೆಗೆ ಇಳಿದರೂ ಅದರಲ್ಲಿ ಒಂದು ರೂಪಾಯಿ ಕಡಿಮೆಯಾಗುವುದಿಲ್ಲ. ಕೂಲಿ ಪರಿಹಾರದಲ್ಲಿ ಅನುಸೂಚಿಯಲ್ಲಿರುವ ಗಾಯಗಳ ಶೇಕಡಾವಾರು ಕೆಲಸ ಮಾಡಿದ್ದರಿಂದ ಇಳಿಯುವುದಿಲ್ಲ. ಕೆಲಸದಿಂದ ವ್ಯತ್ಯಾಸವಾಗುವುದು ಒಂದೇ ಕಡೆ: ಗಾಯ ಮಾಯುವವರೆಗೆ ಹದಿನೈದು ದಿನಕ್ಕೊಮ್ಮೆ ತಿಂಗಳ ಕೂಲಿಯ ಶೇ. 25ರಷ್ಟು, ಅಂದರೆ ನಮ್ಮ ಉದಾಹರಣೆಯಲ್ಲಿ 3,000 ರೂ. ಕೊಡುವ ತಾತ್ಕಾಲಿಕ ಪರಿಹಾರ. ಆ ಅವಧಿಯಲ್ಲಿ ಬೇರೆ ಕೂಲಿ ಗಳಿಸಿದರೆ ಹಿಂದಿನ ಕೂಲಿಗೂ ಈಗಿನ ಕೂಲಿಗೂ ಇರುವ ವ್ಯತ್ಯಾಸವನ್ನು ಇದು ಮೀರುವಂತಿಲ್ಲ. ಬಡಗಿಯಂತೆ ಪೂರ್ಣ ಅಸಮರ್ಥತೆ ಕೇಳುವವರೂ ತಾವು ಮಾಡುತ್ತಿರುವ ಹಗುರ ಕೆಲಸವನ್ನು ಮುಚ್ಚಿಡದೆ ಹೇಳಬೇಕು. ಹಳೆಯ ಕಸುಬು ಸಾಧ್ಯವಿಲ್ಲವೆಂಬುದೂ, ಆಡು ಕಾಯುತ್ತಿದ್ದೇನೆಂಬುದೂ ಎರಡೂ ನಿಜವಾಗಿರಬಹುದು. ಮುಚ್ಚಿಟ್ಟದ್ದು ಹೊರಬಿದ್ದರೆ ಮಾತ್ರ ಉಳಿದ ಮಾತನ್ನೂ ನಂಬದಂತಾಗುತ್ತದೆ.

ಮರಳಿ ದುಡಿಮೆಗೆ

ಗಾಯ ಒಣಗಿದ ಮೇಲೆ ಯೋಚಿಸೋಣವೆಂದರೆ ತಡವಾಯಿತು. ಮಣಿಕಟ್ಟಿನಲ್ಲಿ ಕೈ ಹೋದವನು ನೋವಿಗೆ ಅಂಜಿ ತೋಳನ್ನು ಎದೆಗೆ ಆನಿಸಿಕೊಂಡೇ ಇರುತ್ತಾನೆ. ಕೆಲವೇ ವಾರಗಳಲ್ಲಿ ಮೊಣಕೈ, ಭುಜ ಬಿಗಿದುಬಿಡುತ್ತವೆ. ಹೋದದ್ದು ಅಂಗೈ, ಕೆಟ್ಟದ್ದು ಇಡೀ ತೋಳು ಎಂಬಂತಾಗುತ್ತದೆ. ಆದ್ದರಿಂದ ವೈದ್ಯರು ಒಪ್ಪಿದ ದಿನದಿಂದಲೇ ಭುಜ ಮತ್ತು ಮೊಣಕೈಗಳನ್ನು ಪೂರ್ತಿ ಎತ್ತಿ ಇಳಿಸುವ ಅಭ್ಯಾಸ ಆರಂಭಿಸಬೇಕು. ಉಳಿದ ತುದಿಗೆ ಬಾವು ಇಳಿಯುವಂತೆ ಅವರು ತೋರಿಸಿದ ಕ್ರಮದಲ್ಲಿ ಪಟ್ಟಿ ಸುತ್ತಬೇಕು. ಕೃತಕ ಕೈ ಸರಿಯಾಗಿ ಕೂರುವುದು ಇದರ ಮೇಲೆಯೇ ನಿಂತಿದೆ.

ಇಲ್ಲದ ಕೈಯಲ್ಲಿ ಉರಿ, ಸೆಳೆತ, ಬೆರಳು ಮಡಚಿದಂತೆ ನೋವು ಕಾಣಿಸಿಕೊಳ್ಳುವುದುಂಟು. ಮನೆಯವರು ಇದನ್ನು ಬುದ್ಧಿ ಕೆಟ್ಟಿತೆಂದೋ ಗಾಳಿ ಸೋಕಿತೆಂದೋ ತಿಳಿಯಬಾರದು. ಇದು ನರಗಳಿಗೆ ಸಂಬಂಧಿಸಿದ, ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ನೋವು. ಇದಕ್ಕೆ ಔಷಧಿಯೂ ಇದೆ, ಕನ್ನಡಿಯ ಮುಂದೆ ಮಾಡಿಸುವ ಅಭ್ಯಾಸವೂ ಇದೆ.

ಬಲಗೈ ಹೋದವನಿಗೆ ಎಡಗೈ ಪಳಗಬೇಕು. ಉಣ್ಣುವುದು, ಗುಂಡಿ ಹಾಕುವುದು, ಹಗ್ಗ ಕಟ್ಟುವುದು, ಬರೆಯುವುದು ಹೀಗೆ ಮನೆಯಿಂದಲೇ ಆರಂಭವಾಗಲಿ. ಸಹಿ ಬದಲಾಗುವುದರಿಂದ ಬ್ಯಾಂಕಿನಲ್ಲಿ ಎಡಗೈ ಸಹಿಯನ್ನು ಹೊಸದಾಗಿ ನೀಡಬೇಕು. ಇಲ್ಲವಾದರೆ ಬಂದ ಪರಿಹಾರದ ಹಣವನ್ನು ತೆಗೆಯುವಾಗಲೇ ತಕರಾರು ಬರುತ್ತದೆ. ಆಧಾರ್‌ನಲ್ಲೂ ಬೆರಳಚ್ಚನ್ನು ಸರಿಪಡಿಸಿಕೊಂಡು, ಬೇಕಾದಲ್ಲಿ ಕಣ್ಣಿನ ಗುರುತನ್ನು ಬಳಸಬಹುದು.

ಹೊಲದ ಕೆಲಸಕ್ಕೆ ಮರಳುವಾಗ ಒಂದೇ ಸಲಕ್ಕೆ ಪೂರ್ತಿ ಪಾಳಿ ಬೇಡ. ಮೊದಲ ವಾರ ಬೆಳಗಿನ ತಂಪಿನಲ್ಲಿ ಎರಡು ಗಂಟೆ ಸಾಕು. ಮರುದಿನ ಬಾವು, ನೋವು ಇಲ್ಲದಿದ್ದರೆ ವಾರವಾರ ಹೆಚ್ಚಿಸುತ್ತ ಹೋಗಬಹುದು. ಹನಿ ನೀರಾವರಿಯ ವಾಲ್ವುಗಳನ್ನು ತಿರುಗಿಸುವುದು, ನರ್ಸರಿಯಲ್ಲಿ ಟ್ರೇ ತುಂಬುವುದು, ರೇಷ್ಮೆ ಮನೆಯಲ್ಲಿ ಸೊಪ್ಪು ಹಾಕುವುದು, ಹಾಲಿನ ಸಂಘದಲ್ಲಿ ಲೆಕ್ಕ ಬರೆಯುವುದು ಒಂದು ಕೈಯಿಂದಲೂ ಸಾಧ್ಯವಿರುವ ಕೆಲಸಗಳು. ಆಲೆಮನೆಯಲ್ಲೇ ಕಬ್ಬಿನ ಗಾಡಿಗಳ ತೂಕ, ಅಚ್ಚುಗಳ ಎಣಿಕೆ ಇವಕ್ಕೆ ಅನುಭವಸ್ಥನೇ ಬೇಕಲ್ಲವೇ? ಮಾಲಿಕನು ತನ್ನಲ್ಲೇ ಕೆಲಸ ಕೊಟ್ಟರೆ ಗಾಯಾಳುವಿಗೆ ಬರುವ ಧೈರ್ಯ ಹಣದಿಂದ ಬರುವಂಥದ್ದಲ್ಲ. ಆದರೆ ಕೊಪ್ಪರಿಗೆಯ ಹತ್ತಿರದ ಕೆಲಸವನ್ನು, ತಿರುಗುವ ಯಂತ್ರಕ್ಕೆ ಏನನ್ನಾದರೂ ಉಣಿಸುವ ಕೆಲಸವನ್ನು ಕೊಡಬಾರದು. ಕೃತಕ ಕೈಯ ಕೊಕ್ಕೆ ಅಥವಾ ಪಟ್ಟಿ ಸಿಕ್ಕಿಕೊಂಡರೆ ಎರಡನೆಯ ಅಪಘಾತ ಖಂಡಿತ.

ಹಿಡಿತ ಕಡಿಮೆಯಾಗಿ ಬೆರಳುಗಳು ಉಳಿದವರಿಗೆ ಉಪಕರಣಗಳನ್ನೇ ಬದಲಿಸಬೇಕು. ಕುಡುಗೋಲು, ಕುರ್ಚಿಗೆಗಳ ಹಿಡಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿದರೆ ಅರ್ಧ ಮುಚ್ಚುವ ಮುಷ್ಟಿಗೂ ಹಿಡಿ ಸಿಗುತ್ತದೆ. ಅಂಗೈ ಸುತ್ತ ಒಂದು ಚರ್ಮದ ಪಟ್ಟಿ ಬಿಗಿದು ಹಿಡಿಯನ್ನು ಅದಕ್ಕೆ ಸಿಕ್ಕಿಸಬಹುದು. ಊರಿನ ಕಮ್ಮಾರರು, ಚಮ್ಮಾರರು ಇದನ್ನು ಒಂದು ಮಧ್ಯಾಹ್ನದಲ್ಲಿ ಮಾಡಿಕೊಡಬಲ್ಲರು.

ಕಾಲು ಕಳೆದುಕೊಂಡವರಿಗೆ ಜೈಪುರ ಪಾದ ನಮ್ಮ ದೇಶದ ಬೇಸಾಯಗಾರನಿಗೆಂದೇ ಹುಟ್ಟಿದಂತಿದೆ. 1968ರ ಸುಮಾರಿಗೆ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಡಾ. ಪಿ.ಕೆ. ಸೇಥಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಇದನ್ನು ರೂಪಿಸಿದರು. ಪರದೇಶದ ಕೃತಕ ಕಾಲಿಗೆ ಬೂಟು ಬೇಕು; ಅದು ಕೆಸರಿಗೆ, ಕುಕ್ಕರಗಾಲಿಗೆ ಬಾರದು. ಇದನ್ನಾದರೋ ಹಾಕಿಕೊಂಡು ಬರಿಗಾಲಲ್ಲಿ ನಡೆಯಬಹುದು, ಕುಕ್ಕರಗಾಲಲ್ಲಿ ಕೂರಬಹುದು, ಗದ್ದೆಗೂ ಇಳಿಯಬಹುದು. ಕೆಲಸದಿಂದ ಬಂದ ಕೂಡಲೇ ಕಾಲನ್ನು ಬಿಚ್ಚಿ, ತುದಿಯನ್ನು ತೊಳೆದು ಒರೆಸಿ, ಕೆಂಪಾಗಿದೆಯೇ ಎಂದು ನೋಡಬೇಕು. ಬೆವರಿನಿಂದ ಹುಣ್ಣಾದರೆ ವಾರಗಟ್ಟಲೆ ಕಾಲು ಹಾಕುವಂತಿಲ್ಲ.

ಅಡಿಕೆ, ತೆಂಗಿನ ಮರಗಳಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರ ವಿಷಯ ಬೇರೆಯೇ ಒಂದು ಲೇಖನದಷ್ಟಿದೆ. ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನೂ, ಗಾಲಿಕುರ್ಚಿಯಲ್ಲಿ ಕುಳಿತಾಗ ಕಾಲುಗಂಟೆಗೊಮ್ಮೆ ಮೈ ಎತ್ತುವುದನ್ನೂ ತಪ್ಪಿಸಬಾರದು ಎಂದಷ್ಟೇ ಇಲ್ಲಿ ಹೇಳಬಹುದು. ಒತ್ತಡದ ಹುಣ್ಣೇ ಇವರ ಮೊದಲ ಶತ್ರು.

ಶೇ. 40 ಅಥವಾ ಹೆಚ್ಚಿನ ಅಂಗವಿಕಲತೆ ಇದ್ದವರು ವಿಶಿಷ್ಟ ಗುರುತಿನ ಚೀಟಿ ಮಾಡಿಸಿಕೊಂಡರೆ ಸರ್ಕಾರದ ಹಲವು ಸೌಲಭ್ಯಗಳಿಗೆ ದಾರಿಯಾಗುತ್ತದೆ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ನೆರವಾಗುತ್ತಾರೆ. ವಿಸ್ತರಣಾ ಕಾರ್ಯಕರ್ತರು ಅವರ ಪರಿಚಯ ಮಾಡಿಕೊಂಡಿರಬೇಕು.

ಕ್ಲೇಮು ತಿರಸ್ಕೃತವಾದರೆ

ಬಾಯಿಮಾತಿನ ಉತ್ತರಕ್ಕೆ ಹಿಂತಿರುಗದೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳು ಕಾದು, ಪರಿಹಾರ ಕಾಣದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಅವರಿಗೆ ಬರೆಯಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ಮಾಲಿಕನಿಂದ ಬರಬೇಕಾದ ಪರಿಹಾರಕ್ಕೆ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಮೊದಲು ವಿಚಾರಿಸಿ, ವಕೀಲರು ಬೇಕಾದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬೇಕು. ಅಂಗವಿಕಲರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 1987ರ ಕಾಯಿದೆಯಂತೆ ಉಚಿತ ಕಾನೂನು ನೆರವು ದೊರೆಯುತ್ತದೆ. ಪರಿಹಾರದಲ್ಲಿ ಪಾಲು ಕೇಳುವ ಮಧ್ಯವರ್ತಿಗಳ ಅಗತ್ಯ ಯಾವ ಹಂತದಲ್ಲೂ ಇಲ್ಲ.

ಬ್ಯಾಂಕಿನ ವಿಮೆಯ ವರ್ಷ ಜೂನ್ 1ರಿಂದ ಮುಂದಿನ ಮೇ 31ರವರೆಗೆ. ಆ ಸಮಯದಲ್ಲಿ ಖಾತೆಯಲ್ಲಿ 20 ರೂ. ಇಲ್ಲದಿದ್ದರೆ ಕಂತು ಕಡಿತವಾಗದೆ ವಿಮೆ ನಿಂತುಹೋಗುತ್ತದೆ. ಮುಂಗಾರಿನ ಖರ್ಚಿಗೆಂದು ಖಾತೆಯ ಹಣವನ್ನೆಲ್ಲ ತೆಗೆಯುವುದೂ ಇದೇ ಹೊತ್ತಿನಲ್ಲಿ. ವಿಸ್ತರಣಾ ಕಾರ್ಯಕರ್ತರು ಮೇ ತಿಂಗಳ ಸಭೆಗಳಲ್ಲಿ ಇದನ್ನು ನೆನಪಿಸಿ, ಜೂನ್ ಎರಡನೆಯ ವಾರದಲ್ಲಿ ಪಾಸ್‌ಬುಕ್ ತರಿಸಿ, 20 ರೂ. ಕಡಿತವಾದ ಸಾಲನ್ನು ಪ್ರತಿಯೊಬ್ಬರಿಗೂ ಬೆರಳಿಟ್ಟು ತೋರಿಸತಕ್ಕದ್ದು. ಆ ಸಾಲು ಇಲ್ಲದವರು ಅಂದೇ ಶಾಖೆಗೆ ಹೋಗಿ ಮತ್ತೆ ಸೇರಬಹುದು.